ಅಥಣಿ ರಸ್ತೆಯ ವಾದ್ಯಮೇಳಗಳು: ವಾದ್ಯವನ್ನು ಅದರ ಕೆಲಸದಿಂದ ಅರಿಯುವ ಬಗೆ

‘ಆರ್ಕೆಸ್ಟ್ರಾ’ ಎಂಬ ಮಾತು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಅಪರಿಚಿತವಲ್ಲ. ಜಾತ್ರೆಯ ರಾತ್ರಿ ಕೀಬೋರ್ಡು, ಡ್ರಮ್ಮುಗಳೊಡನೆ ಚಿತ್ರಗೀತೆಗಳನ್ನು ಹಾಡುವ ತಂಡವನ್ನು ಇಲ್ಲಿನ ಜನ ಆ ಹೆಸರಿನಿಂದಲೇ ಕರೆಯುತ್ತಾರೆ. ಪ್ರಾಚೀನ ಗ್ರೀಕ್ ರಂಗಭೂಮಿಯಲ್ಲಿ ಆ ಪದಕ್ಕೆ ಮೇಳದವರು ಕುಣಿಯುವ, ರಂಗದ ಮುಂದಿನ ಬಯಲು ಎಂಬ ಅರ್ಥವಿತ್ತು. ಸ್ಥಳದ ಹೆಸರು ಕಾಲಾನಂತರ ಅಲ್ಲಿ ಕುಳಿತು ನುಡಿಸುವವರ ಹೆಸರಾಯಿತು. ನಮ್ಮ ‘ಹಿಮ್ಮೇಳ’ವೂ ಇದೇ ಬಗೆಯ ಮಾತು. ಅದು ವಾದ್ಯದ ಆಕಾರವನ್ನಾಗಲಿ ಧಾತುವನ್ನಾಗಲಿ ಸೂಚಿಸದೆ, ನುಡಿಸುವವನು ಎಲ್ಲಿ ನಿಂತಿದ್ದಾನೆ, ಯಾರ ಬೆನ್ನಿಗಿದ್ದಾನೆ ಎಂಬುದನ್ನು ಸೂಚಿಸುತ್ತದೆ. ಎರಡು ದೂರದ ಭಾಷೆಗಳು ವಾದ್ಯಗಳ ಕೂಟವನ್ನು ಸ್ಥಾನದ ಮೂಲಕ ಗುರುತಿಸಿರುವುದು ಗಮನಾರ್ಹ.

ಪ್ರಸ್ತುತ ಲೇಖನವು ಈ ಗುರುತಿಸುವಿಕೆಯನ್ನೇ ಅಧ್ಯಯನದ ಕ್ರಮವಾಗಿ ಬಳಸಬಹುದೆಂದು ಸೂಚಿಸುತ್ತದೆ. ವಿಜಯಪುರ ನಗರದಿಂದ ಪಶ್ಚಿಮಕ್ಕೆ ತೊರವಿ, ತಿಕೋಟಾಗಳ ಮೂಲಕ ಸಾಗುವ ಅಥಣಿ ರಸ್ತೆ ಹಾಗೂ ಅದರ ಆಸುಪಾಸಿನ ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಮತ್ತು ಒಟ್ಟು ಜಿಲ್ಲೆಯಲ್ಲಿ ಬಳಕೆಯಲ್ಲಿರುವ ವಾದ್ಯಮೇಳಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ವಾದ್ಯವೊಂದನ್ನು ಅರಿಯಲು ಅದು ಯಾವುದರಿಂದ ಮಾಡಲ್ಪಟ್ಟಿದೆ ಎಂಬುದರ ಜೊತೆಗೆ, ಮೇಳದಲ್ಲಿ ಯಾವ ಕೆಲಸ ಮಾಡುತ್ತದೆ ಎಂಬುದನ್ನೂ ಏಕೆ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ನಾಲ್ಕು ವರ್ಗಗಳು ಮತ್ತು ಅವುಗಳ ಮಿತಿ

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿರುವುದು ಸುಪರಿಚಿತ ಸಂಗತಿ. ತಂತಿಯುಳ್ಳದ್ದು ತತ, ಚರ್ಮ ಹೊದಿಸಿದ್ದು ಅವನದ್ಧ, ಗಟ್ಟಿ ವಸ್ತುವಿನ ತಾಡನದಿಂದ ನುಡಿಯುವುದು ಘನ, ಗಾಳಿಯಿಂದ ನುಡಿಯುವುದು ಸುಷಿರ. ಈ ವಿಂಗಡಣೆ ಆಧುನಿಕ ವಾದ್ಯಶಾಸ್ತ್ರದ ಮೇಲೂ ಪ್ರಭಾವ ಬೀರಿತು. ಕಲಕತ್ತೆಯ ಸೌರೀಂದ್ರ ಮೋಹನ ಟ್ಯಾಗೋರರು 1876ರಲ್ಲಿ ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡನಿಗೆ ಭಾರತೀಯ ವಾದ್ಯಗಳ ಸಂಗ್ರಹವೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ಬ್ರಸೆಲ್ಸ್‌ನ ವಾದ್ಯ ಸಂಗ್ರಹಾಲಯದ ವಿಕ್ಟರ್ ಮಾಹಿಯೋ 1880ರಲ್ಲಿ ಹೊರತಂದ ಸೂಚಿಯು ಇಂಥದೇ ನಾಲ್ಕು ವರ್ಗಗಳನ್ನು ಬಳಸಿತು. ಅದನ್ನು ಆಧರಿಸಿ ಹಾರ್ನ್‌ಬಾಸ್ಟೆಲ್ ಮತ್ತು ಕುರ್ಟ್ ಸಾಕ್ಸ್ 1914ರಲ್ಲಿ ರೂಪಿಸಿದ ಪದ್ಧತಿಯನ್ನು ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳು ಇಂದಿಗೂ ಅನುಸರಿಸುತ್ತಿವೆ.

ಆದರೆ ಭರತನು ನಾಲ್ಕು ವರ್ಗಗಳನ್ನು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ವಾದ್ಯಗಳ ಕೂಟಕ್ಕೆ ‘ಕುತಪ’ ಎಂಬ ಬೇರೊಂದು ಪರಿಕಲ್ಪನೆಯನ್ನೂ ಅವನು ಕೊಟ್ಟಿದ್ದಾನೆ. ಕುತಪದಲ್ಲಿ ಹಾಡುಗಾರನೂ ವೀಣೆಯವನೂ ಕೊಳಲಿನವನೂ ಒಟ್ಟಿಗೆ ಬರುತ್ತಾರೆ. ಅಂದರೆ ವರ್ಗ ಬೇರೆ, ಕೂಟ ಬೇರೆ. ಹದಿಮೂರನೆಯ ಶತಮಾನದಲ್ಲಿ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವೃಂದದ ಲಕ್ಷಣವನ್ನು ಲೆಕ್ಕ ಸಮೇತ ಹೇಳುತ್ತಾನೆ. ಉತ್ತಮ ಗಾಯನವೃಂದದಲ್ಲಿ ನಾಲ್ವರು ಮುಖ್ಯ ಗಾಯಕರು, ಎಂಟು ಮಂದಿ ಸಹಗಾಯಕರು, ಹನ್ನೆರಡು ಗಾಯಕಿಯರು, ನಾಲ್ವರು ಕೊಳಲಿನವರು, ನಾಲ್ವರು ಮೃದಂಗದವರು, ಹೀಗೆ ಒಟ್ಟು 32 ಮಂದಿ ಇರಬೇಕು. ಮಧ್ಯಮ ವೃಂದದಲ್ಲಿ ಇದರ ಅರ್ಧ. ವಿಜಯಪುರ ಸೀಮೆಯೂ ಅಂದು ಸೇವುಣರ ಆಳ್ವಿಕೆಗೆ ಒಳಪಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನಮ್ಮ ಶಾಸ್ತ್ರಪರಂಪರೆ ಧಾತುವನ್ನೂ ಕೂಟವನ್ನೂ ಬೇರೆ ಬೇರೆಯಾಗಿ ಅರಿತಿತ್ತು. ವಸ್ತುಸಂಗ್ರಹಾಲಯದ ಚೀಟಿಗಳು ಮೊದಲನೆಯದನ್ನು ಮಾತ್ರ ಉಳಿಸಿಕೊಂಡವು.

2. ನಗಾರಖಾನೆ ಮತ್ತು ನವರಸಪುರ

ವಿಜಯಪುರದಲ್ಲಿ ಈ ಮಾತು ಕಣ್ಣೆದುರೇ ನಿಲ್ಲುತ್ತದೆ. ಗೋಳಗುಮ್ಮಟದ ಮುಂದಿರುವ ನಗಾರಖಾನೆಯ ಕಟ್ಟಡದಲ್ಲಿ 1892ರಲ್ಲಿ ಆರಂಭಗೊಂಡ ವಸ್ತುಸಂಗ್ರಹಾಲಯವಿದ್ದು, ಈಗ ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿದೆ. ನಗಾರಖಾನೆ ಎಂದರೆ ಹೊತ್ತು ಹೊತ್ತಿಗೆ ನೌಬತ್ತು ನುಡಿಸುವ ಸ್ಥಳ. ಶಾಸನ, ಚಿತ್ರ, ಆಯುಧಗಳನ್ನು ನೋಡಲು ಒಳಹೋಗುವ ಸಂದರ್ಶಕನು ತಾನು ಕಾಲಿಟ್ಟಿರುವುದು ವಾದ್ಯವೃಂದಕ್ಕೆ ಮೀಸಲಾದ ವಾಸ್ತುವಿನಲ್ಲಿ ಎಂಬುದನ್ನು ಗಮನಿಸುವುದು ಅಪರೂಪ.

ಅಂಥ ವೃಂದದ ರಚನೆಯನ್ನು ಅರಿಯಲು ಸಮಕಾಲೀನ ಮೊಗಲ್ ದಾಖಲೆಯೊಂದು ನೆರವಾಗುತ್ತದೆ. ಅಬುಲ್ ಫಜಲ್ ತನ್ನ ಐನ್-ಎ-ಅಕ್ಬರಿಯಲ್ಲಿ ಅಕ್ಬರನ ನಗಾರಖಾನೆಯ ವಾದ್ಯಗಳನ್ನು ಪಟ್ಟಿ ಮಾಡುತ್ತಾನೆ: ಹೆಚ್ಚು ಕಡಿಮೆ 18 ಜೊತೆ ದಮಾಮಾ, 20 ಜೊತೆ ನಗಾರಿ, ನಾಲ್ಕು ದುಹುಲ್, ನಾಲ್ಕಕ್ಕೆ ಕಡಿಮೆಯಿಲ್ಲದ ಕರ್ನಾ, ಒಟ್ಟಿಗೆ ಊದುವ ಒಂಬತ್ತು ಸುರ್ನಾ, ನಫೀರಿಗಳು, ಎರಡು ಕೊಂಬು, ಮೂರು ಜೊತೆ ತಾಳ. ಈ ಪಟ್ಟಿಯಲ್ಲಿ ತಂತಿವಾದ್ಯ ಒಂದೂ ಇಲ್ಲ. ಎತ್ತರದಲ್ಲಿ ನಿಂತು ಇಡೀ ಊರಿಗೆ ಹೊತ್ತನ್ನೂ ಅಧಿಕಾರವನ್ನೂ ಸಾರುವುದು ಆ ವೃಂದದ ಕೆಲಸವಾದ್ದರಿಂದ ದೂರಕ್ಕೆ ಕೇಳಿಸದ ವಾದ್ಯಕ್ಕೆ ಅಲ್ಲಿ ಸ್ಥಾನವಿರಲಿಲ್ಲ. ಕೆಲಸವೇ ವಾದ್ಯಗಳನ್ನು ಆಯ್ದುಕೊಂಡಿತ್ತು.

ಇದಕ್ಕೆ ತೀರ ಭಿನ್ನವಾದ ಇನ್ನೊಂದು ಕೂಟದ ನೆನಪು ನಗರದ ಪಶ್ಚಿಮದಲ್ಲಿ, ತೊರವಿಯ ಬಳಿ ಇದೆ. ಎರಡನೆಯ ಇಬ್ರಾಹಿಂ ಆದಿಲಶಾಹನು (ಆಳ್ವಿಕೆ 1580–1627) 1599ರಲ್ಲಿ ನವರಸಪುರವೆಂಬ ಹೊಸ ನಗರದ ನಿರ್ಮಾಣವನ್ನು ಆರಂಭಿಸಿದ್ದು ಇಲ್ಲಿಯೇ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ತುತ್ತಾದ ಆ ನಗರದ ಅವಶೇಷಗಳಲ್ಲಿ ಸಂಗೀತ ಮಹಲು ಮುಖ್ಯವಾದುದು. ‘ಜಗದ್ಗುರು’ ಎಂದು ಖ್ಯಾತನಾದ ಈ ದೊರೆ ದಖನಿ ಭಾಷೆಯಲ್ಲಿ ರಚಿಸಿದ ಕಿತಾಬ್-ಎ-ನವರಸದಲ್ಲಿ ರಾಗಗಳಿಗೆ ಅನುಗುಣವಾಗಿ ಜೋಡಿಸಿದ ಗೀತಗಳೂ ದೋಹೆಗಳೂ ಇದ್ದು, ಸರಸ್ವತಿ ಮತ್ತು ಗಣಪತಿಯರ ಸ್ತುತಿಗೆ ಅಲ್ಲಿ ಗೌರವದ ಸ್ಥಾನವಿದೆ. ತನ್ನ ಪ್ರೀತಿಯ ತಂಬೂರಕ್ಕೆ ಅವನು ‘ಮೋತಿಖಾನ’ ಎಂದು ಹೆಸರಿಟ್ಟಿದ್ದನು. ಇಬ್ರಾಹಿಮನು ತಂಬೂರ ನುಡಿಸುತ್ತಿರುವ, ಫರ್ರುಖ್ ಬೇಗ್ ಬರೆದನೆಂದು ಹೇಳಲಾಗುವ ಚಿತ್ರವೊಂದು ಪ್ರಾಗ್ ನಗರದ ನಾಪ್ರ್‌ಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದು ತಂಬೂರಿ ಎಂದೊಡನೆ, ಸ್ವರ ನುಡಿಸದೆ ಆಧಾರಶ್ರುತಿಯನ್ನು ಮಾತ್ರ ಮಿಡಿಯುವ ನಾಲ್ಕು ತಂತಿಗಳ ವಾದ್ಯ ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಪರ್ಷಿಯನ್ ಜಗತ್ತಿನಲ್ಲಿ ‘ತಂಬೂರ’ವೆಂಬುದು ಮೆಟ್ಟಿಲುಗಳುಳ್ಳ, ರಾಗವನ್ನೇ ನುಡಿಸುವ ಉದ್ದ ಕುತ್ತಿಗೆಯ ವಾದ್ಯ. ಆದ್ದರಿಂದ ಮೋತಿಖಾನವನ್ನು ಹೆಸರಿನ ಆಧಾರದಿಂದಲೇ ಇಂದಿನ ತಂಬೂರಿಯೊಡನೆ ಸಮೀಕರಿಸುವುದು ಅವಸರದ ತೀರ್ಮಾನವಾದೀತು. ಹೆಸರು ಒಂದೇ ಆಗಿದ್ದು ಕೆಲಸ ಬೇರೆಯಾಗಿರಬಹುದೆಂಬುದಕ್ಕೆ ಇದೊಂದು ನಿದರ್ಶನ. ಆಕಾರ ಒಂದೇ ಆಗಿದ್ದು ಕೆಲಸ ಬೇರೆಯಾಗುವ ನಿದರ್ಶನಗಳು ಇದೇ ಜಿಲ್ಲೆಯ ಹಳ್ಳಿಗಳ ಮೇಳಗಳಲ್ಲಿ ದೊರೆಯುತ್ತವೆ.

3. ಹಳ್ಳಿಯ ಮೇಳಗಳಲ್ಲಿ ಕೆಲಸದ ಹಂಚಿಕೆ

ಗೀಗೀ ಮೇಳವನ್ನು ಮೊದಲು ನೋಡಬಹುದು. ಮುಖ್ಯ ಹಾಡುಗಾರನ ಕೈಯಲ್ಲಿ ದಪ್ಪು, ಹಿಮ್ಮೇಳದ ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ ಇರುತ್ತವೆ. ಪುರುಷತತ್ತ್ವದ ಪಕ್ಷ ವಹಿಸುವ ಹರದೇಶಿ ಮತ್ತು ಶಕ್ತಿಯ ಪಕ್ಷ ವಹಿಸುವ ನಾಗೇಶಿ ಮೇಳಗಳು ರಾತ್ರಿಯಿಡೀ ವಾದಕ್ಕೆ ನಿಂತಾಗ, ಹಾಡಿನ ವೇಗ ಏರಿಸುವ, ನಿಲ್ಲಿಸುವ, ಎದುರಾಳಿಗೆ ಸವಾಲು ಹಾಕುವ ಅಧಿಕಾರವೆಲ್ಲ ದಪ್ಪಿನದು. ತುಂತುಣಿ ಆಧಾರಸ್ವರವನ್ನು ಬಿಡದೆ ಮಿಡಿಯುತ್ತದೆ. ತಾಳ ಎಣಿಕೆಯನ್ನು ಕಾಯುತ್ತದೆ. ಮೂರೇ ವಾದ್ಯಗಳಲ್ಲಿ ಆಧಾರ, ಎಣಿಕೆ, ನಡೆ ಎಂಬ ಮೂರು ಕೆಲಸಗಳು ಸ್ಪಷ್ಟವಾಗಿ ಹಂಚಿಕೆಯಾಗಿವೆ.

ಸವದತ್ತಿಯ ಎಲ್ಲಮ್ಮನ ಭಕ್ತರಾದ ಜೋಗತಿಯರ ಚೌಡಿಕೆ ಮೇಳದಲ್ಲಿ ಈ ಹಂಚಿಕೆ ಇನ್ನೂ ಸೂಕ್ಷ್ಮವಾಗುತ್ತದೆ. ಚೌಡಿಕೆಯೆಂದರೆ ಒಂದು ಕಡೆ ಚರ್ಮ ಬಿಗಿದ ಟೊಳ್ಳು ಕೊಳಗ. ಚರ್ಮದ ನಡುವಿನಿಂದ ಹೊರಟ ತಂತಿಯನ್ನು ಬಿಗಿದು ಮೀಟುತ್ತಾರೆ. ತಂತಿಯ ಬಿಗುವನ್ನು ಹೆಚ್ಚು ಕಡಿಮೆ ಮಾಡಿದಾಗ ನಾದ ಏರಿಳಿದು, ಮಾತಿಗೆ ಉತ್ತರ ಕೊಡುವಂತೆ ಕೇಳಿಸುತ್ತದೆ. ಅದರ ಪಕ್ಕದಲ್ಲಿ ‘ಶ್ರುತಿ’ ಅಥವಾ ‘ಸುತ್ತಿ’ ಎಂಬ ಒಂಟಿತಂತಿಯ ವಾದ್ಯವೂ ತಾಳವೂ ಇರುತ್ತವೆ. ಚೌಡಿಕೆಯನ್ನು ಯಾವ ವರ್ಗಕ್ಕೆ ಸೇರಿಸಬೇಕು? ತಂತಿಯಿರುವುದರಿಂದ ತತವೇ, ಚರ್ಮವಿರುವುದರಿಂದ ಅವನದ್ಧವೇ? 1914ರ ಪದ್ಧತಿಯು ಇಂಥ ವಾದ್ಯಗಳನ್ನು ‘ಮೀಟುವ ಚರ್ಮವಾದ್ಯ’ಗಳೆಂದು ಚರ್ಮವಾದ್ಯಗಳ ಗುಂಪಿಗೆ ಸೇರಿಸಿತು. ಕಂಪಿಸುವುದು ಮೂಲತಃ ತಂತಿಯೇ ಆದ್ದರಿಂದ ಅವು ತಂತಿವಾದ್ಯಗಳೆಂದು ನಂತರದ ವಿದ್ವಾಂಸರು ವಾದಿಸಿದರು. ಈ ಚರ್ಚೆ ಯಾವ ಕಡೆ ತೀರ್ಮಾನವಾದರೂ ತುಂತುಣಿ ಮತ್ತು ಚೌಡಿಕೆ ಒಂದೇ ವರ್ಗಕ್ಕೆ ಸೇರುತ್ತವೆ, ಏಕೆಂದರೆ ಎರಡರ ರಚನಾತತ್ತ್ವ ಒಂದೇ. ಮೇಳದಲ್ಲಾದರೋ ಒಂದು ಅಲುಗಾಡದೆ ಆಧಾರ ಹಿಡಿಯುತ್ತದೆ, ಇನ್ನೊಂದು ಲಯದೊಡನೆ ಆಟವಾಡುತ್ತದೆ. ವರ್ಗೀಕರಣವು ಒಂದುಗೂಡಿಸಿದ್ದನ್ನು ಮೇಳವು ಬೇರ್ಪಡಿಸುತ್ತದೆ.

ಸನಾದಿಯ ವಿಷಯದಲ್ಲಿಯೂ ಇದೇ ಮಾತು ನಿಜ. ಶಹನಾಯಿಗೆ ಈ ಭಾಗದಲ್ಲಿರುವ ಹೆಸರು ಸನಾದಿ. 1977ರ ‘ಸನಾದಿ ಅಪ್ಪಣ್ಣ’ ಚಲನಚಿತ್ರದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ವಾದನದ ಮೂಲಕ ಆ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಸನಾದಿ ಮೇಳದಲ್ಲಿ ಒಬ್ಬನು ಬೆರಳಾಡಿಸಿ ರಾಗ ನುಡಿಸಿದರೆ, ಪಕ್ಕದವನು ಅಂಥದೇ ಕೊಳವೆಯಲ್ಲಿ ಒಂದೇ ಸ್ವರವನ್ನು ಎಡೆಬಿಡದೆ ಊದುತ್ತಾನೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತ ನಾದ ತುಂಡಾಗದಂತೆ ಕಾಯುವುದು ಅವನ ವಿದ್ಯೆ. ದಕ್ಷಿಣದ ನಾಗಸ್ವರದ ಜೊತೆಗಿರುವ ಒತ್ತು ಮಾಡುವ ಕೆಲಸವೂ ಇದೇ. ಕೇಳುಗರ ಮೆಚ್ಚುಗೆಯೆಲ್ಲ ರಾಗ ನುಡಿಸುವವನಿಗೆ ಸಲ್ಲುತ್ತದೆ. ಶ್ರುತಿಯವನು ಒಂದು ಗಳಿಗೆ ನಿಲ್ಲಿಸಿದಾಗ ಮಾತ್ರ ಅವನಿದ್ದನೆಂಬುದು ಎಲ್ಲರ ಅರಿವಿಗೆ ಬರುತ್ತದೆ.

ಕರಡಿ ಮಜಲಿನಲ್ಲಿ ಸನಾದಿ, ಶ್ರುತಿ, ತಾಳಗಳೊಡನೆ ಕರಡಿ ಎಂಬ ಎರಡು ಮುಖದ ಚರ್ಮವಾದ್ಯ ಸೇರುತ್ತದೆ. ಅದರ ನಾದ ಕರಡಿಯ ಗುಟುರನ್ನು ಹೋಲುವುದರಿಂದ ಆ ಹೆಸರು ಬಂದಿತೆಂಬ ವಿವರಣೆ ಬಳಕೆಯಲ್ಲಿದೆ. ಮಜಲು ಎಂದರೆ ಪಯಣದ ಹಂತ. ಮೆರವಣಿಗೆಯೊಡನೆ ಹೆಜ್ಜೆಹಾಕುತ್ತ ನುಡಿಸುವ ವೃಂದಕ್ಕೆ ಇದು ತಕ್ಕ ಹೆಸರೇ ಆಗಿದೆ. ಅರಕೇರಿಯ ಅಮೋಘಸಿದ್ಧನ ಪರಂಪರೆಗೆ ಸೇರಿದ ಹಾಲುಮತದವರ ಡೊಳ್ಳು, ಮೊಹರಮ್ಮಿನ ಅಲಾವಿ ಹೆಜ್ಜೆಗೆ ನುಡಿಯುವ ಹಲಗಿ ಮತ್ತು ತಾಸೆ, ಇವೂ ಬಯಲಿನ ವಾದ್ಯಗಳೇ. ಹಲಗಿಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಹದಗೊಳಿಸುವುದು ತಂಬೂರಿಯ ಸೇತುವೆಯ ಮೇಲೆ ಜೀವಾಳದ ದಾರವನ್ನು ಸರಿಹೊಂದಿಸುವಷ್ಟೇ ನಾಜೂಕಿನ ಕೆಲಸ. ಒಂದನ್ನು ಶಾಸ್ತ್ರವೆಂದೂ ಇನ್ನೊಂದನ್ನು ರೂಢಿಯೆಂದೂ ಕರೆಯಲು ಕಾರಣವಿಲ್ಲ.

4. ವಾದ್ಯ ಬದಲಾಗುತ್ತದೆ, ಕೆಲಸ ಉಳಿಯುತ್ತದೆ

ಹೀಗೆ ಕೆಲಸವನ್ನು ಗಮನಿಸಿದರೆ ಮೇಳಗಳಲ್ಲಿ ಆದ ಬದಲಾವಣೆಗಳೂ ಸ್ಪಷ್ಟವಾಗುತ್ತವೆ. ಅಪರಾಳ ತಮ್ಮಣ್ಣನ ಕೃತಿಯಿಂದ ಮೊದಲ್ಗೊಂಡು ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಮೊದಲಾದವರಿಂದ ಬೆಳೆದ ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳದಲ್ಲಿ ಇಂದು ಹಾರ್ಮೋನಿಯಂ, ತಬಲಾ, ತಾಳಗಳು ಪ್ರಧಾನ. ಹಾರ್ಮೋನಿಯಂ ಈ ನೆಲದ ವಾದ್ಯವಲ್ಲ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೇನ್ 1842ರಲ್ಲಿ ಅದರ ಹಕ್ಕುಪತ್ರ ಪಡೆದನು. ಸ್ವರದಿಂದ ಸ್ವರಕ್ಕೆ ಜಾರಲು ಅದರಲ್ಲಿ ಸಾಧ್ಯವಿಲ್ಲವೆಂಬ ಆಕ್ಷೇಪವನ್ನು ಎತ್ತಿ 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲಗೊಳ್ಳಲು ಮೂರು ದಶಕಗಳೇ ಬೇಕಾದವು. ಬಯಲಾಟದವರು ಮಾತ್ರ ಅದನ್ನು ಬಿಡಲಿಲ್ಲ. ಆಧಾರಶ್ರುತಿಯನ್ನೂ ಹಾಡಿನ ಧಾಟಿಯನ್ನೂ ಒಬ್ಬನೇ ನಿರ್ವಹಿಸುವ ಅನುಕೂಲ ಅದರಲ್ಲಿತ್ತು. ಇದರ ಇನ್ನೊಂದು ಪರಿಣಾಮವನ್ನೂ ಗಮನಿಸಬೇಕು: ಇಬ್ಬರ ಕೆಲಸವನ್ನು ಒಂದು ವಾದ್ಯ ವಹಿಸಿಕೊಂಡಾಗ ಮೇಳದಲ್ಲಿ ಒಬ್ಬನ ಸ್ಥಾನ ತೆರವಾಗುತ್ತದೆ.

ವಾದ್ಯವೊಂದು ಹೊಸ ಕೆಲಸವನ್ನು ಪಡೆಯುವುದೂ ಉಂಟು. ಕದ್ರಿ ಗೋಪಾಲನಾಥರು (1949–2019) ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನನ್ನು ಕೈಗೆತ್ತಿಕೊಂಡು ಅದನ್ನು ಕರ್ನಾಟಕ ಸಂಗೀತದ ಕಛೇರಿಯ ಮುಖ್ಯ ವಾದ್ಯವನ್ನಾಗಿ ಮಾಡಿದರು. ಬ್ಯಾಂಡಿನ ಸಾಲಿನಲ್ಲಿ ಒಂದಾಗಿದ್ದ ವಾದ್ಯ ಇಲ್ಲಿ ನಾಗಸ್ವರದ ಪೀಠದಲ್ಲಿ ಕುಳಿತಿತು.

ಅಥಣಿ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಸಾಗಿ ಅಥಣಿ, ಕಾಗವಾಡಗಳನ್ನು ದಾಟಿದರೆ ಮಹಾರಾಷ್ಟ್ರದ ಮಿರಜ ಸಿಗುತ್ತದೆ. ಸಿತಾರ್ ಮತ್ತು ತಂಬೂರಿಗಳ ತಯಾರಿಕೆಗೆ ಹೆಸರಾದ ಊರು ಅದು. ಅಲ್ಲಿನ ಈ ಎರಡೂ ವಾದ್ಯಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಒಣಗಿಸಿದ ಸೋರೆಬುರುಡೆಯನ್ನು ಆರಿಸಿ ತಂಬೂರಿಯ ಒಡಲು ಮಾಡುವ ಕುಶಲಿಗಳ ವಿದ್ಯೆಗೆ ಕಾನೂನಿನ ರಕ್ಷಣೆ ಸಿಕ್ಕಿರುವುದು ಸಂತೋಷದ ವಿಷಯ. ಅದೇ ರಸ್ತೆಯ ಈಚೆ ಬದಿಯಲ್ಲಿ ತುಂತುಣಿ, ಚೌಡಿಕೆ, ಕರಡಿಗಳನ್ನು ಕಟ್ಟುವವರ ವಿದ್ಯೆಯೂ ಅಷ್ಟೇ ಗಂಭೀರವಾದ ಗಮನಕ್ಕೆ ಅರ್ಹವಾಗಿದೆ.

5. ಕಲಿಸುವ ಕ್ರಮ

ಪಾಶ್ಚಾತ್ಯ ವಾದ್ಯವೃಂದದ ಪರಿಚಯ ಮಾಡಿಕೊಡುವವರು ತಂತಿ, ಮರದ ಸುಷಿರ, ಹಿತ್ತಾಳೆಯ ಸುಷಿರ, ತಾಡನ ಎಂಬ ನಾಲ್ಕು ಮನೆತನಗಳನ್ನು ಹೇಳುತ್ತಾರೆ. ಈ ಹೆಸರುಗಳೂ ಧಾತುವಿಗೆ ನಿಷ್ಠವಾಗಿಲ್ಲ. ಇಂದಿನ ಕೊಳಲು ಲೋಹದ್ದಾಗಿದ್ದರೂ ಅದು ಮರದ ಸುಷಿರಗಳ ಸಾಲಿನಲ್ಲಿಯೇ ಕುಳಿತುಕೊಳ್ಳುತ್ತದೆ, ಏಕೆಂದರೆ ವೃಂದದಲ್ಲಿ ಅದರ ವಂಶವೂ ಕೆಲಸವೂ ಅಲ್ಲಿವೆ. ಬೆಂಜಮಿನ್ ಬ್ರಿಟನ್ 1946ರಲ್ಲಿ ತೆರೆಕಂಡ ಶೈಕ್ಷಣಿಕ ಚಿತ್ರವೊಂದಕ್ಕಾಗಿ, ಪರ್ಸೆಲ್ಲನ ರಾಗವೊಂದನ್ನು ಆಧರಿಸಿ, ಎಳೆಯರಿಗೆ ವಾದ್ಯವೃಂದವನ್ನು ಪರಿಚಯಿಸುವ ಕೃತಿಯನ್ನು ರಚಿಸಿದನು. ಅದರಲ್ಲಿ ಮೊದಲು ಇಡೀ ವೃಂದ, ಬಳಿಕ ಒಂದೊಂದು ಮನೆತನ, ಆಮೇಲೆ ಒಂದೊಂದು ವಾದ್ಯ, ಕೊನೆಯಲ್ಲಿ ಒಂದರ ಹಿಂದೆ ಒಂದರಂತೆ ಎಲ್ಲ ವಾದ್ಯಗಳೂ ಮರಳಿ ಸೇರಿಕೊಳ್ಳುತ್ತವೆ. ಬಿಡಿಯಾಗಿ ಕೇಳಿದ್ದನ್ನು ಇಡಿಯಲ್ಲಿ ಮತ್ತೆ ಗುರುತಿಸುವುದೇ ಅಲ್ಲಿನ ಪಾಠ.

ನಮ್ಮ ಮೇಳಗಳನ್ನು ಶಾಲೆಯಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ಪರಿಚಯಿಸಲು ಈ ಕ್ರಮ ಉಪಯುಕ್ತ. ವಾದ್ಯದ ಚಿತ್ರ ತೋರಿಸಿ ಹೆಸರು ಬರೆಯಿಸುವ ಬದಲು, ಮೇಳವನ್ನು ಪೂರ್ತಿಯಾಗಿ ಕೇಳಿಸಿ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ಆಧಾರ ಹಿಡಿದವರು ಯಾರು? ಎಣಿಕೆ ಕಾಯುವವರು ಯಾರು? ಧಾಟಿ ನಡೆಸುವವರು ಯಾರು? ನಡೆಯನ್ನು ಏರಿಸಿ ಇಳಿಸುವವರು ಯಾರು? ಬಳಿಕ ಒಂದು ವಾದ್ಯವನ್ನು ನಿಲ್ಲಿಸಿ, ಏನು ಕಡಿಮೆಯಾಯಿತೆಂದು ಕೇಳಬೇಕು. ತುಂತುಣಿ ನಿಂತಾಗ ಹಾಡುಗಾರನ ಸ್ವರ ಜಾರುವುದನ್ನು ಕೇಳಿದ ವಿದ್ಯಾರ್ಥಿಗೆ ಶ್ರುತಿಯ ವ್ಯಾಖ್ಯೆಯನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಾಗಿಲ್ಲ.

6. ದಾಖಲಾತಿಯ ಹೊಣೆ

ಕನ್ನಡ ಜಾನಪದ ಸಂಗ್ರಹಕ್ಕೆ ಈ ಜಿಲ್ಲೆಯ ಕೊಡುಗೆ ದೊಡ್ಡದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಸಂಕಲನಗಳ ಮೂಲಕ ಬಾಯಿಂದ ಬಾಯಿಗೆ ಸಾಗುತ್ತಿದ್ದ ಸಾಹಿತ್ಯವನ್ನು ಉಳಿಸಿಕೊಟ್ಟರು. ಆದರೆ ಅಚ್ಚಿನ ಪುಟ ಲಾವಣಿಯ ಮಾತನ್ನು ಹೊರಬಲ್ಲುದೇ ವಿನಾ ದಪ್ಪಿನ ಪೆಟ್ಟನ್ನು ಹೊರಲಾರದು. ಧ್ವನಿ ಮತ್ತು ದೃಶ್ಯ ಮುದ್ರಣ ಸುಲಭವಾಗಿರುವ ಈ ಕಾಲದಲ್ಲಿ ಆ ಉಳಿದ ಭಾಗವನ್ನು ಪೂರೈಸುವುದು ನಮ್ಮ ಹೊಣೆ.

ಈ ಹೊಣೆಯಲ್ಲಿ ಒಂದು ನೈತಿಕ ಪ್ರಶ್ನೆಯೂ ಅಡಗಿದೆ. ಮೇಳದ ಕೆಲಸದ ಹಂಚಿಕೆ ಅನೇಕ ಕಡೆ ಜಾತಿಯ ಹಂಚಿಕೆಯೂ ಆಗಿತ್ತು. ಹಲಗಿ ಬಾರಿಸುವುದನ್ನು ಬಿಟ್ಟವನು ಕಲೆಯನ್ನು ಮರೆತವನೆಂದು ಹಲುಬುವ ಮುನ್ನ, ಅವನು ನಿರಾಕರಿಸಿದ್ದು ವಾದ್ಯವನ್ನೋ ಅದರೊಡನೆ ಬಂದ ಅವಮಾನವನ್ನೋ ಎಂದು ಕೇಳಿಕೊಳ್ಳಬೇಕು. ಚೌಡಿಕೆಯ ಹಿಂದೆ ದೇವದಾಸಿ ಪದ್ಧತಿಯ ನೋವಿದೆ. 1982ರ ಕರ್ನಾಟಕ ದೇವದಾಸಿಯರ ಸಮರ್ಪಣೆ ನಿಷೇಧ ಕಾಯಿದೆ ಆ ಪದ್ಧತಿಯನ್ನು ಅಪರಾಧವೆಂದು ಸಾರಿತು. ಪದ್ಧತಿ ಹೋಗಲೇಬೇಕು, ಚೌಡಿಕೆಯ ವಿದ್ಯೆ ಅದರೊಡನೆ ಹೋಗಬೇಕಾಗಿಲ್ಲ. ಜೋಗತಿ ಕಲೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರ ಪದ್ಮಶ್ರೀ ಪುರಸ್ಕಾರ ಪಡೆದುದು, ಕಲೆಯನ್ನು ಕಲಾವಿದರ ಘನತೆಯೊಡನೆ ಉಳಿಸಿಕೊಳ್ಳಲು ಸಾಧ್ಯವೆಂಬುದಕ್ಕೆ ಸಾಕ್ಷಿ.

ಆದ್ದರಿಂದ ಮೇಳವೊಂದನ್ನು ದಾಖಲಿಸುವಾಗ ವಾದ್ಯದ ಅಳತೆ, ಧಾತು, ವರ್ಗಗಳ ಜೊತೆಗೆ ಈ ಅಂಶಗಳೂ ಇರಬೇಕೆಂದು ಸೂಚಿಸಬಹುದು: ವಾದ್ಯಕ್ಕೆ ಆ ಊರಿನಲ್ಲಿರುವ ಹೆಸರು, ಮೇಳದಲ್ಲಿ ಅದರ ಕೆಲಸ, ನುಡಿಸುವವರು ನಿಲ್ಲುವ ಜಾಗ, ಯಾವ ವಾದ್ಯ ಮೊದಲು ಆರಂಭಿಸಿ ಯಾವುದು ಕೊನೆಗೆ ನಿಲ್ಲುತ್ತದೆ ಎಂಬ ಕ್ರಮ, ಹದಗೊಳಿಸುವ ವಿಧಾನ, ಕಟ್ಟಿದವರ ಹೆಸರು, ಹಿಂದೆ ಇದೇ ಕೆಲಸವನ್ನು ಮಾಡುತ್ತಿದ್ದ ವಾದ್ಯ. ಮುದ್ರಣವು ಒಟ್ಟು ಮೇಳದ್ದೂ ಬಿಡಿ ವಾದ್ಯದ್ದೂ ಆಗಿರಬೇಕು. ಶ್ರುತಿ ಹಿಡಿಯುವವನ ಹೆಸರು ಮುಖ್ಯ ಹಾಡುಗಾರನ ಹೆಸರಿನ ಜೊತೆಗೇ ಬರಬೇಕು.

2003ರಲ್ಲಿ ಸ್ಥಾಪನೆಗೊಂಡ, ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ರಾಜ್ಯ ಮಹಿಳಾ ವಿಶ್ವವಿದ್ಯಾನಿಲಯದ ಆವರಣ ಇರುವುದು ಇದೇ ತೊರವಿಯಲ್ಲಿ. ದೊರೆಯೊಬ್ಬನು ತನ್ನ ವಾದ್ಯಕ್ಕೆ ಹೆಸರಿಟ್ಟು ಗೌರವಿಸಿದ ನೆಲ ಇದು. ಅದೇ ರಸ್ತೆಯ ಹಳ್ಳಿಗಳಲ್ಲಿ ತುಂತುಣಿ ಮಿಡಿದವರ, ಒಂದೇ ಸ್ವರವನ್ನು ಇರುಳೆಲ್ಲ ಊದಿದವರ ಹೆಸರುಗಳು ಮಾತ್ರ ಯಾವ ಸೂಚಿಯಲ್ಲಿಯೂ ಸೇರದೆ ಹೋಗುವ ಅಪಾಯವಿದೆ. ಅವರು ಹಿಡಿದ ಆಧಾರದ ಮೇಲೆಯೇ ಉಳಿದವರ ಹಾಡು ನಿಂತಿತ್ತು ಎಂಬ ಅರಿವಿನಿಂದ ಈ ಭಾಗದ ವಾದ್ಯಗಳ ಅಧ್ಯಯನ ಆರಂಭವಾಗುವುದು ಯುಕ್ತ.